ಒಂಬತ್ತು ಚುಕ್ಕಿಯ ಬೀಗ

ಮೊಬೈಲ್ ಫೋನಿನ ಬೀಗದಲ್ಲಿ ಒಂಬತ್ತು ಚುಕ್ಕಿಗಳಿರುತ್ತವೆ ಎಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ. ಮೂರು ಸಾಲು, ಸಾಲಿಗೆ ಮೂರು. ಬೆರಳಿನಿಂದ ಒಂದಕ್ಕೊಂದು ಕೂಡಿಸುತ್ತ ಹೋದರೆ ಬೀಗ ತೆರೆಯುತ್ತದೆ. ಆದರೆ ಒಮ್ಮೆ ಮುಟ್ಟಿದ ಚುಕ್ಕಿಯನ್ನು ಆ ಯಂತ್ರ ಎರಡನೆಯ ಸಲ ಸ್ವೀಕರಿಸುವುದಿಲ್ಲ, ಹೊರಟ ಜಾಗಕ್ಕೆ ಮರಳಿ ಬರಲು ಅಲ್ಲಿ ಅವಕಾಶವೇ ಇಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ನಾನರಿಯೆ. ದಿನಕ್ಕೆ ನೂರು ಸಲ ಅದೇ ಗೆರೆ ಎಳೆಯುವ ನಮಗೆ ಗೆರೆಯ ಕಡೆಗೆ ಲಕ್ಷ್ಯವಿರುವುದಿಲ್ಲ. ಗೆರೆಯಾಚೆಗಿನ ಸುದ್ದಿ, ಸಿನಿಮಾ, ಪರರ ಮದುವೆಯ ಊಟದ ಫೋಟೋಗಳ ಕಡೆಗಿರುತ್ತದೆ. ನಾನು ಹುಲಕೋಟಿಯ ಒಂದು ಹೈಸ್ಕೂಲಿನಲ್ಲಿ ಜೀವಮಾನವಿಡೀ ರೇಖಾಗಣಿತ ಕಲಿಸಿದವನು. ಬಿಂದು, ರೇಖೆ, ಆವೃತ ಆಕೃತಿ, ಅನಾವೃತ ಆಕೃತಿ ಎಂದು ಸಾವಿರಾರು ಮಕ್ಕಳ ತಲೆ ತಿಂದವನು. ಅಂಥ ನನಗೂ ಇದು ಹೊಳೆದದ್ದು ಬಹಳ ತಡವಾಗಿ, ಅದೂ ಬೇಡದ ಕಾರಣಕ್ಕಾಗಿ.

ಫೋನು ಕೊಂಡದ್ದು ನನಗೆಂದು. ನಿವೃತ್ತಿಯಾದವನಿಗೆ ಕಾಲ ಕಳೆಯಲು ಒಂದು ಸಾಧನ ಬೇಕು, ಇಲ್ಲದಿದ್ದರೆ ಆತ ಅಡುಗೆಮನೆಗೆ ಬಂದು ಉಪ್ಪು ಖಾರದ ವಿಚಾರದಲ್ಲಿ ಉಪದೇಶ ಕೊಡಲು ಶುರುಮಾಡುತ್ತಾನೆ ಎಂಬುದು ನನ್ನ ಹೆಂಡತಿ ಗಿರಿಜೆಯ ದೃಢವಾದ ಅಭಿಪ್ರಾಯವಾಗಿತ್ತು. ಹೀಗಾಗಿ ಒಂದು ಸಂಜೆ ನಾವಿಬ್ಬರೂ ಬೆಟಗೇರಿಯಿಂದ ಗದಗಿನ ಪೇಟೆಗೆ ಹೋಗಿ, ಮೂರು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದು, ಕಡೆಗೆ ಮೊದಲನೆಯ ಅಂಗಡಿಯಲ್ಲಿಯೇ ಒಂದು ಸ್ಮಾರ್ಟ್‌ಫೋನನ್ನು ಖರೀದಿಸಿ ತಂದೆವು. ಮನೆಗೆ ಬಂದ ಕೂಡಲೇ ಗಿರಿಜೆ ಅದನ್ನು ದೇವರ ಮುಂದಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದಳು. ಕುಂಕುಮ ಸರಿಯಾಗಿ ಕ್ಯಾಮೆರಾದ ಕಣ್ಣಿಗೇ ಬಿದ್ದದ್ದರಿಂದ ಮೊದಲ ದಿನ ತೆಗೆದ ಫೋಟೋಗಳಲ್ಲೆಲ್ಲ ನಾನು ಹೋಳಿಹುಣ್ಣಿಮೆ ಆಡಿ ಬಂದವನ ಹಾಗೆ ಕಾಣಿಸಿದ್ದೇನೆ.

ನನಗೂ ಆ ಯಂತ್ರಕ್ಕೂ ಮೊದಲಿನಿಂದಲೇ ಹೊಂದಾಣಿಕೆ ಆಗಲಿಲ್ಲ. ಅದು ಹೆಜ್ಜೆಹೆಜ್ಜೆಗೂ ಅನುಮತಿ ಕೇಳುತ್ತಿತ್ತು. ನಾನೋ, ಮಕ್ಕಳು ಅನುಮತಿ ಕೇಳಿದಾಗ ‘ಬೇಡ’ ಎಂದೇ ಹೇಳಿ ರೂಢಿಯಾದವನು. ಬೇಡ ಬೇಡ ಎನ್ನುತ್ತ ಹೋದದ್ದರಿಂದ ಒಂದು ವಾರದಲ್ಲಿ ಅದು ಯಾವ ಕೆಲಸವನ್ನೂ ಮಾಡದ ಸ್ಥಿತಿಗೆ ಬಂತು. ಗಿರಿಜೆ ಎಲ್ಲದಕ್ಕೂ ‘ಆಗಲಿ’ ಎಂದಳು. ಅದು ಅವಳ ಸ್ವಭಾವ. ಮನೆಗೆ ಬಂದವರಿಗೆ ‘ಊಟ ಮಾಡಿ ಹೋಗ್ರಿ’ ಅನ್ನುವಷ್ಟೇ ಸಹಜವಾಗಿ ಆ ಫೋನಿಗೂ ಏನು ಬೇಕೋ ತೆಗೆದುಕೋ ಎಂದು ಬಿಟ್ಟಳು; ಅದೂ ಅವಳಿಗೆ ಒಲಿಯಿತು. ಕೆಲವೇ ದಿನಗಳಲ್ಲಿ ಅವಳು ತಂಗಿಗೆ ವಿಡಿಯೋ ಕರೆ ಮಾಡುವುದನ್ನು, ಓಣಿಯ ಹೆಂಗಸರ ಗುಂಪಿಗೆ ತನ್ನ ರಂಗೋಲಿಯ ಫೋಟೋ ಕಳಿಸುವುದನ್ನು, ಮಾತಾಡಿದ್ದನ್ನು ಬರೆದುಕೊಳ್ಳುವ ಆ ಯಂತ್ರದ ಬಾಯಿಗೆ ನಮ್ಮ ಕಡೆಯ ಕನ್ನಡ ಹಾಕಿ ಅದು ತಬ್ಬಿಬ್ಬಾದಾಗ ನಗುವುದನ್ನು ಕಲಿತಳು. ‘ರೊಟ್ಟಿ ಬಡ್ಯಾಕ ಹತ್ತೀನಿ’ ಎಂದು ಅವಳು ಹೇಳಿದ್ದು ಅದರ ಬರಹದಲ್ಲಿ ಯಾರನ್ನೋ ಬಡಿದ ಸುದ್ದಿಯಾಗಿ ತಂಗಿಯ ಮನೆ ತಲುಪಿ, ಶಿರಹಟ್ಟಿಯಿಂದ ಗಾಬರಿಯ ಕರೆ ಬಂದಿತ್ತು. ಬಡಿದದ್ದು ನನ್ನನ್ನೇ ಇರಬೇಕೆಂದು ಆಕೆ ತಿಳಿದಿದ್ದಳೆಂಬುದು ನನಗೆ ಆಮೇಲೆ ಗೊತ್ತಾಯಿತು. ಒಟ್ಟಿನಲ್ಲಿ ನನ್ನ ಹೆಸರಿನ ಫೋನು ಅವಳದಾಯಿತು. ನಾನು ನನ್ನ ಹಳೆಯ ಗುಂಡಿಯ ಫೋನಿಗೆ ಮರಳಿದೆ, ಸಂತೋಷದಿಂದಲೇ.

ಬೀಗ ಹಾಕಿಸುವ ಪ್ರಸಂಗ ಬಂದದ್ದು ನನ್ನ ದೆಸೆಯಿಂದ. ಒಂದು ಮಧ್ಯಾಹ್ನ, ಬೇಸಿಗೆಯ ಸೆಕೆಗೆ ಬರಿಮೈಯಲ್ಲಿ ಅಡ್ಡಾಗಿ, ವೇಳೆ ಎಷ್ಟಾಯಿತೆಂದು ನೋಡಲು ಅವಳ ಫೋನನ್ನು ಎತ್ತಿಕೊಂಡವನು ಎಲ್ಲಿ ಒತ್ತಿದೆನೋ, ಮುಂಡರಗಿಯ ಬೀಗರ ಮನೆಗೆ ವಿಡಿಯೋ ಕರೆ ಹೋಯಿತು. ಬೀಗರು ಸಕುಟುಂಬ ಪರಿವಾರ ಸಮೇತ ನನ್ನ ದಿಗಂಬರ ದರ್ಶನ ಪಡೆದರು. ನಮ್ಮ ಒಬ್ಬಳೇ ಮಗಳು ರೂಪಾಳನ್ನು ಆ ಮನೆಗೆ ಕೊಟ್ಟು ಎರಡು ವರ್ಷವೂ ಆಗಿರಲಿಲ್ಲ. ನನ್ನ ಮಾಸ್ತರಿಕೆಯ ಗಾಂಭೀರ್ಯಕ್ಕೆ ಅಲ್ಲಿ ಒಂದಿಷ್ಟು ಬೆಲೆ ಇತ್ತು. ಅದು ಅಂದಿಗೆ ಮುಗಿಯಿತು. ಮರುದಿನವೇ ಗಿರಿಜೆ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಇದಕ್ಕೊಂದು ಬೀಗ ಹಾಕಿಕೊಡಿರೆಂದು ಕೇಳಿದಳು.

ಅಂಗಡಿಯ ಮಾಲೀಕರು ಒಂಬತ್ತು ಚುಕ್ಕಿಗಳನ್ನು ತೋರಿಸಿದಾಗ ಅವಳ ಮುಖ ಅರಳಿದ್ದು ನನಗೆ ನೆನಪಿದೆ. ಅವಳು ಹುಟ್ಟಿ ಬೆಳೆದದ್ದು ಲಕ್ಷ್ಮೇಶ್ವರದಲ್ಲಿ, ದಿನಾ ಬೆಳಿಗ್ಗೆ ಅಂಗಳಕ್ಕೆ ನೀರಿನ ಥಳಿ ಹೊಡೆದು ರಂಗೋಲಿ ಹಾಕದೆ ಬಾಯಿಗೆ ಚಹಾ ಮುಟ್ಟಿಸದ ಹೆಂಗಸರ ಮನೆಯಲ್ಲಿ. ಚುಕ್ಕಿ ಕಂಡರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ನಾಕು ಸಲ ಎಳೆದಳು, ನಾಕು ಸಲವೂ ಯಂತ್ರ ತಕರಾರು ತೆಗೆಯಿತು. ಕಡೆಗೆ ಮಾಲೀಕರ ಕಡೆ ನೋಡಿ, “ಇದರಾಗ ಎಳಿ ಕೂಡಸಾಕ ಬರೂದಿಲ್ಲೇನ್ರಿ?” ಎಂದು ಕೇಳಿದಳು.

“ಇಲ್ರಿ ಅಕ್ಕಾರ, ಒಮ್ಮೆ ಮುಟ್ಟಿದ ಚುಕ್ಕಿ ಮತ್ತ ತಗೋಳಂಗಿಲ್ಲ ಅದು” ಎಂದರು ಅವರು.

ರಂಗೋಲಿಯ ಎಳೆಯನ್ನು ಹೊರಟಲ್ಲಿಗೆ ತಂದು ಕೂಡಿಸದೆ ಬಿಡುವುದು ಅವಳ ಪಾಲಿಗೆ ಕೆಲಸ ಅರ್ಧಕ್ಕೆ ಬಿಟ್ಟು ಏಳುವುದಕ್ಕೆ ಸಮ. ಇನ್ನು ಈಕೆ ಫೋನು ಮರಳಿ ಕೊಡುತ್ತಾಳೆ ಎಂದೇ ನಾನು ತಿಳಿದೆ. ಆದರೆ ಅವಳು ಒಂದು ಕ್ಷಣ ಯೋಚಿಸಿ, ಏನೋ ನೆನೆದು ತನ್ನಷ್ಟಕ್ಕೆ ನಕ್ಕು, “ಹಂಗಾರ ಛಲೋನ ಆತು ಬಿಡ್ರಿ. ಇದು ಹಿಂಗ ಇರ್ಲಿ” ಎಂದು, ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ ತನ್ನ ಗೆರೆಯನ್ನು ಎಳೆದುಕೊಂಡಳು. ರೂಪಾ ಬಸುರಿ ಎಂಬ ಸುದ್ದಿ ಮುಂಡರಗಿಯಿಂದ ಬಂದದ್ದು ಅದೇ ವಾರ. ನಗುವಿಗೆ ಅದೇ ಕಾರಣವೆಂದುಕೊಂಡೆ. ಗೆರೆಗೂ ಅದಕ್ಕೂ ಸಂಬಂಧವಿದ್ದೀತೆಂದು ಹೇಗೆ ತಿಳಿಯಬೇಕು?

ಅಲ್ಲಿಂದ ಮುಂದೆ ಆ ಬೀಗ ನನ್ನ ಕಣ್ಣೆದುರಿಗೇ ಸಾವಿರಾರು ಸಲ ತೆರೆಯಿತು. ಚಪಾತಿ ಹಿಟ್ಟಿನ ಕೈಯಲ್ಲಿ, ಹೂ ಕಟ್ಟುತ್ತ, ಬಸ್ಸಿಗೆ ಕಾಯುತ್ತ, ಅವಳು ಬೆರಳನ್ನು ಹಾಗೆ ಆಡಿಸಿ ಹೀಗೆ ತೆಗೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಅವಳ ರಂಗೋಲಿಯನ್ನು ದಾಟಿಕೊಂಡು ಹುಲಕೋಟಿಯ ಬಸ್ಸು ಹಿಡಿಯಲು ಓಡಿದವನು ನಾನು. ತುಳಿಯಬಾರದೆಂಬ ಶಿಸ್ತು ಇತ್ತು. ಪರೀಕ್ಷೆಯ ಪತ್ರಿಕೆ ನೋಡಲು ಧಾರವಾಡಕ್ಕೆ ಹೋಗಿ ನಾಕಾರು ದಿನ ಬಿಟ್ಟು ಬಂದಾಗ ಮಾತ್ರ ನನಗೆ ಒಂದು ಸಣ್ಣ ಸಿಟ್ಟು ಬರುತ್ತಿತ್ತು. ದಣಿದು ಬಂದು ಕುಂತು ನೀರು ಕೇಳಿದರೆ ಅವಳು, ತಡೀರಿ ಒಂದು ನಿಮಿಷ ಎಂದು, ರಂಗೋಲಿಯ ಬಟ್ಟಲು ಹಿಡಿದುಕೊಂಡು ಅಂಗಳಕ್ಕೆ ಹೋಗಿ ಬಗ್ಗಿ ಏನೋ ತಿದ್ದಿ ಬರುತ್ತಿದ್ದಳು. ನೀರು ಆಮೇಲೆ. ಎಲ್ಲ ಬಿಟ್ಟು ಇದೇ ಹೊತ್ತಿಗೆ ಈಕೆಗೆ ಅಂಗಳದ ಚಿಂತೆ ಯಾಕೆ ಎಂದು ಗೊಣಗಿಕೊಳ್ಳುತ್ತಿದ್ದೆ. ಗಂಡಂದಿರ ಗೊಣಗಾಟಕ್ಕೆ ಉತ್ತರ ಕೊಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ.

ರೂಪಾಳ ಸೀಮಂತ, ನಮ್ಮ ಕಡೆ ಹೇಳುವಂತೆ ಕುಬುಸದ ಕಾರ್ಯ, ಆಯಿತು. ಹಸಿರು ಸೀರೆ ಉಟ್ಟ ಮಗಳನ್ನು ನಡುವೆ ಕೂರಿಸಿ ಗಿರಿಜೆ ತೆಗೆದ ಫೋಟೋಗಳಿಗೆ ಲೆಕ್ಕವಿಲ್ಲ. ಅದಾದ ಮೇಲೆ ಒಂದು ದಿನ ಅವಳು ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು: ತೊಟ್ಟಿಲ ಕಾರ್ಯಕ್ಕೆಂದು ನಮ್ಮವ್ವನ ಜೋಗುಳವನ್ನು ಈಗಲೇ ಹಾಡಿ ಫೋನಿನಲ್ಲಿ ಇಟ್ಟಿದ್ದೇನೆ, ಕಾರ್ಯದ ದಿನ ಬಂತೆಂದರೆ ನನಗೆ ತಪ್ಪದೆ ನೆಗಡಿಯಾಗಿ ಗಂಟಲು ಕಟ್ಟುತ್ತದೆ, ಅದಕ್ಕಾಗಿ ಈ ಮುಂಜಾಗ್ರತೆ, ಅಲ್ಲಿಯವರೆಗೆ ಕೇಳಿಸುವುದಿಲ್ಲ, ಅವತ್ತೇ ಕೇಳಬೇಕು. ಅವಳು ಹೇಳಿದ್ದು ನಿಜ. ನಮ್ಮ ಮನೆಯ ಯಾವ ಶುಭಕಾರ್ಯದಲ್ಲೂ ಗಿರಿಜೆಗೆ ಗಂಟಲು ಇದ್ದದ್ದಿಲ್ಲ. ಮಗಳ ಮದುವೆಯಲ್ಲಿ ಆಕೆ ಬೀಗರನ್ನು ಸ್ವಾಗತಿಸಿದ್ದು ಕೈಸನ್ನೆಯಿಂದ.

ಆ ಜೋಗುಳ ಉಪಯೋಗಕ್ಕೆ ಬಂದದ್ದು ನೆಗಡಿಯ ಕಾರಣಕ್ಕಲ್ಲ. ಕುಬುಸವಾಗಿ ತಿಂಗಳು ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಅಂಗಳದ ಕೆಲಸ ಮುಗಿಸಿ ಒಳಗೆ ಬಂದವಳು, ಎದೆಯಲ್ಲಿ ಏನೋ ಹಿಡಿದಂಗ ಆಗೇತಿ ಎಂದು ಗೋಡೆಗೆ ಒರಗಿ ಕುಳಿತಳು. ದವಾಖಾನೆಗೆ ಹೋಗುವ ದಾರಿಯಲ್ಲಿಯೇ ಎಲ್ಲ ಮುಗಿಯಿತು. ಇದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನ್ನಿಂದ ಆಗುವುದಿಲ್ಲ, ನೀವು ಕ್ಷಮಿಸಬೇಕು.

ಸಾವಿನ ಮನೆಯ ಅಂಗಳಕ್ಕೆ ರಂಗೋಲಿ ಹಾಕುವುದಿಲ್ಲ. ಆ ದಿನಗಳು ಕಳೆದ ಮೇಲೆ ಹಾಕಬಹುದಿತ್ತು, ಹಾಕುವವರು ಇರಲಿಲ್ಲ. ಬೆಳಗಾದರೆ ನೇಕಾರರ ಓಣಿಯ ಮಗ್ಗಗಳು ಮೊದಲಿನಂತೆಯೇ ಸದ್ದು ಮಾಡುತ್ತಿದ್ದವು, ಎದುರು ಮನೆಯ ಮುಂದೆ ಮೊದಲಿನಂತೆಯೇ ಬಿಳಿಯ ಗೆರೆಗಳು ಮೂಡುತ್ತಿದ್ದವು, ನಮ್ಮ ಬಾಗಿಲಿನ ಮುಂದೆ ಮಾತ್ರ ಬರಿಯ ನೆಲ. ಅವಳ ಫೋನು ದೇವರ ಜಗಲಿಯ ಪಕ್ಕದಲ್ಲಿತ್ತು. ಅದಕ್ಕೆ ದಿನಾ ಚಾರ್ಜ್ ಹಾಕುವುದನ್ನು ನಾನು ಒಂದು ನಿತ್ಯಕರ್ಮವನ್ನಾಗಿ ಮಾಡಿಕೊಂಡೆ. ಆಗಾಗ ಅದು ತಾನೇ ಬೆಳಗಿ, ಯಾವುದೋ ಗುಂಪಿನ ಶುಭೋದಯವನ್ನು ಬೀಗದ ಮೇಲೆಯೇ ತೋರಿಸಿ, ಮತ್ತೆ ಕಪ್ಪಾಗುತ್ತಿತ್ತು. ಅವಳು ಹೋದ ಸುದ್ದಿ ಮುಟ್ಟದ ಯಾರೋ ಆಕೆಯ ಒಂದು ಹಳೆಯ ಫೋಟೋವನ್ನು ಇಷ್ಟಪಟ್ಟಿದ್ದರು.

ರೂಪಾ ಹೆರಿಗೆಗೆ ತವರಿಗೇ ಬರುತ್ತೇನೆಂದು ಹಟ ಹಿಡಿದಳು. ಅವ್ವ ಇಲ್ಲದ ಮನೆಯಲ್ಲಿ ಬಾಣಂತನ ಹೇಗೆ ಎಂದು ಬೀಗರು ಅನುಮಾನಿಸಿದರೆ, ಗಿರಿಜೆಯ ತಂಗಿ ಕಸ್ತೂರಿ ತಾನಿದ್ದೇನೆಂದು ಮುಂದೆ ಬಂದಳು. ತುಂಬಿದ ಹೊಟ್ಟೆ ಹೊತ್ತು ಮನೆಗೆ ಬಂದ ಮಗಳು ಕೈಕಾಲು ತೊಳೆದುಕೊಂಡು, ಮೊದಲು ಕೇಳಿದ್ದು ಅವ್ವನ ಫೋನನ್ನು. ಜೋಗುಳ ಅದರೊಳಗಿತ್ತು, ಬೀಗದ ಗೆರೆ ಗಿರಿಜೆಯ ಬೆರಳಿನೊಂದಿಗೆ ಹೋಗಿತ್ತು.

ಅಲ್ಲಿಂದ ನಮ್ಮ ಪ್ರಯತ್ನಗಳು ಶುರುವಾದವು. ನಾನು ಗಣಿತದ ಮಾಸ್ತರನಾದ್ದರಿಂದ ಕ್ರಮಬದ್ಧವಾಗಿ ಹೊರಟೆ. ಒಂಬತ್ತು ಚುಕ್ಕಿಗಳನ್ನು ಎಷ್ಟು ವಿಧವಾಗಿ ಜೋಡಿಸಬಹುದೆಂದು ಲೆಕ್ಕ ಹಾಕತೊಡಗಿ, ಉತ್ತರ ಲಕ್ಷಗಳನ್ನು ದಾಟುತ್ತಿದ್ದಂತೆ ಪೆನ್ನು ಕೆಳಗಿಟ್ಟೆ. ಅದೂ ಅಲ್ಲದೆ ಕೆಲವು ಸಲ ತಪ್ಪಿದರೆ ಆ ಯಂತ್ರ ಮುನಿಸಿಕೊಂಡು, ಸ್ವಲ್ಪ ಹೊತ್ತು ಕಾಯಿರಿ ಎನ್ನುತ್ತದೆ. ಮತ್ತೆ ತಪ್ಪಿದರೆ ಇನ್ನೂ ಹೆಚ್ಚು ಹೊತ್ತು. ಹೆಸರಿನ ಅಕ್ಷರ ಬರೆದು ನೋಡಿದೆವು. ರೂಪಾ ಅವ್ವ ಕಲಿಸಿದ ರಂಗೋಲಿಗಳನ್ನೆಲ್ಲ ನೆನೆಸಿಕೊಂಡು ದೀಪ, ಗೋಪುರ, ಗೋಪದ್ಮ ಎಂದು ಎಳೆದು ನೋಡಿದಳು. ಸಾಂತ್ವನ ಹೇಳಲು ಬಂದ ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಕೈ ಹಚ್ಚಿದರು. ವಿಚಿತ್ರವೆಂದರೆ ಎಲ್ಲರೂ ಒಂದೇ ತಪ್ಪು ಮಾಡುತ್ತಿದ್ದರು. ಮೂಲೆಯ ಚುಕ್ಕಿಯಿಂದ ಹೊರಟ ಅವರ ಬೆರಳು, ಬೇಡವೆಂದು ಎಷ್ಟು ಹೇಳಿದರೂ, ತಿರುಗಿ ಬಂದು ಅದೇ ಮೂಲೆಯನ್ನು ಕೂಡಲು ಹೋಗುತ್ತಿತ್ತು. ಕೂಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಕೂಡಿಸಲು ಹೋದರೆ ಯಂತ್ರ ಒಪ್ಪುವುದಿಲ್ಲ. ಎಳೆ ಮುಚ್ಚುವುದು ಬೆರಳಿಗೆ ಅಂಟಿದ ಅಭ್ಯಾಸ, ಅದನ್ನು ಬಿಡಿಸಲು ಒಂದು ಫೋನಿನಿಂದ ಆದೀತೆ?

ಅಂಗಡಿಗೆ ಒಯ್ದು ಕೇಳಿದೆ. ಮಾಲೀಕರಿಗೆ ಗಿರಿಜೆಯ ನೆನಪಿತ್ತು. ಬೀಗ ತೆಗೆಯುವುದು ಕಷ್ಟವಲ್ಲ, ಆದರೆ ತೆಗೆದರೆ ಒಳಗಿನದೆಲ್ಲ ಅಳಿಸಿಹೋಗಿ ಫೋನು ಹೊಸದರಂತಾಗುತ್ತದೆ ಎಂದು ತಿಳಿಸಿ ಹೇಳಿದರು. ಹೊಸ ಫೋನಿನ ಮೇಲೆ ಮನುಷ್ಯನಿಗೆ ಎಷ್ಟು ಆಸೆ ಇರುತ್ತದೆ ನೋಡಿ. ಹೊಸದಾಗಿಬಿಟ್ಟೀತೆಂಬ ಭಯದಿಂದ ಅದನ್ನು ಎದೆಗೆ ಅವಚಿಕೊಂಡು ಅಂಗಡಿಯಿಂದ ಹೊರಗೆ ಬಂದವನು ಗದಗಿನ ಪೇಟೆಯಲ್ಲಿ ಅಂದು ನಾನೊಬ್ಬನೇ ಇರಬೇಕು.

ರೂಪಾ ಹೆತ್ತಳು. ಹೆಣ್ಣು ಮಗು. ಕಸ್ತೂರಿ ದವಾಖಾನೆಯಿಂದ ಬಂದ ಮರುದಿನ ಬೆಳಿಗ್ಗೆ ಎದ್ದು, ಕೂಸು ಬಂದ ಮನೆಯ ಅಂಗಳ ಬರಿದಾಗಿರಬಾರದೆಂದು ಥಳಿ ಹೊಡೆದು ರಂಗೋಲಿ ಹಾಕಿದಳು. ಬಾಣಂತಿಯ ಕೆಲಸದ ಅವಸರದಲ್ಲಿ ಹಾಕಿದ ಪುಟ್ಟ ರಂಗೋಲಿ. ಒಂಬತ್ತು ಚುಕ್ಕಿ, ಸುತ್ತಲೂ ಒಂದು ಮುಚ್ಚಿದ ಎಳೆ. ನಾನು ಹಾಲು ತರಲು ಹೊರಟವನು ಅದನ್ನು ನೋಡಿ ನಿಂತೆ. ಒಂಬತ್ತು ಚುಕ್ಕಿ ಕಂಡರೆ ಆಗ ನನ್ನ ಜೀವ ಝಲ್ಲೆನ್ನುತ್ತಿತ್ತು. ಸಂಜೆ ಅದೇ ಆಕೃತಿಯನ್ನು ಫೋನಿನ ಮೇಲೆ ಎಳೆಯಲು ನೋಡಿದೆ. ಮುಚ್ಚಿದ ಎಳೆ ಅಲ್ಲಿ ಮೂಡುವಂತಿರಲಿಲ್ಲ.

ತೊಟ್ಟಿಲ ಕಾರ್ಯವನ್ನು ತಿಂಗಳು ತುಂಬಿದ ಮೇಲೆ ಇಟ್ಟುಕೊಂಡೆವು. ಬೀಗರನ್ನು ಫೋನಿನಲ್ಲಿ ಕರೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮನೆಗೇ ಹೋಗಿ ಕರೆಯಬೇಕು. ನಾನು ಮುಂಡರಗಿಯ ಬಸ್ಸು ಹತ್ತಿದೆ. ಕಿಟಕಿಯಲ್ಲಿ ಕಪ್ಪತಗುಡ್ಡ ಬಹಳ ಹೊತ್ತು ಜೊತೆಗೆ ಬಂತು. ಈ ದಾರಿಯಲ್ಲಿ ಗಿರಿಜೆ ಅದರ ಫೋಟೋ ತೆಗೆಯದೆ ಬಿಟ್ಟ ಸಲವಿಲ್ಲ, ಬಂದದ್ದೆಲ್ಲ ಕಿಟಕಿಯ ಸರಳು. ಬೀಗರ ಮನೆಯಲ್ಲಿ ಎಲ್ಲರೂ ನನ್ನ ದಿಗಂಬರ ಪ್ರಸಂಗವನ್ನು ಮರೆತವರಂತೆ ಬಹಳ ಅಕ್ಕರೆಯಿಂದ ನಡೆದುಕೊಂಡರು. ಈ ಹೊತ್ತಿನಲ್ಲಿ ಹೊರಡುವುದು ಬೇಡ, ಉಂಡು ಮಲಗಿ ಮುಂಜಾನೆ ಹೋಗಿರೆಂದು ಕೈಹಿಡಿದು ನಿಲ್ಲಿಸಿದರು. ಗಿರಿಜೆ ಹೋದ ಮೇಲೆ ನಾನು ಮನೆ ಬಿಟ್ಟು ಬೇರೆ ಕಡೆ ಮಲಗಿದ್ದು ಅದೇ ಮೊದಲು.

ಮರುದಿನ ಬೆಟಗೇರಿಗೆ ಬಂದು ಓಣಿ ಹೊಕ್ಕಾಗ ಬಿಸಿಲು ಏರಿತ್ತು. ನಮ್ಮ ಅಂಗಳದ ಮುಂದೆ ಬಂದು, ರೂಢಿಯಂತೆ ರಂಗೋಲಿ ದಾಟಲು ಕಾಲೆತ್ತಿದವನು ಹಾಗೆಯೇ ನಿಂತೆ. ಒಂಬತ್ತು ಚುಕ್ಕಿಗಳು. ಎಳೆ ನಡುವಿನ ಚುಕ್ಕಿಯಿಂದ ಹೊರಟಿತ್ತು. ಮೇಲಿನದಕ್ಕೆ ಏರಿ, ಬಲಕ್ಕೆ ಹೊರಳಿ, ಸುತ್ತಲಿನ ಚುಕ್ಕಿಗಳನ್ನೆಲ್ಲ ಬಳಸಿಕೊಂಡು ಎಡಗಡೆಯ ಮೇಲಿನ ಮೂಲೆಗೆ ಬಂದು ನಿಂತಿತ್ತು. ಹೊರಟ ಚುಕ್ಕಿಗೆ ಕೂಡಿಸಲು ಇನ್ನೊಂದು ಗೇಣು ಬಾಕಿ. ಬಾಣಂತಿ ಕರೆದಳೆಂದು ಕಸ್ತೂರಿ ನಡುವೆಯೇ ಎದ್ದು ಹೋಗಿರಬೇಕು ಎಂದುಕೊಂಡು ನಾನು ದಾಟಿ ಒಳಗೆ ಹೋಗಿ ಕುಳಿತೆ, ನೀರು ಕೇಳಿದೆ. ಅವಳು ಅಡುಗೆಮನೆಯಿಂದ ಬಂದು, ತಡೀರಿ ಮಾವಾರ ಎಂದು, ರಂಗೋಲಿಯ ಬಟ್ಟಲು ತೆಗೆದುಕೊಂಡು ಹೊರಗೆ ಹೋದಳು.

ನಾನು ಅವಳ ಬೆನ್ನಿಗೆ ಎದ್ದು ಬಾಗಿಲಿಗೆ ಬಂದೆ. ಅವಳು ಬಗ್ಗಿ, ಬೆರಳುಗಳ ನಡುವಿನಿಂದ ಪುಡಿ ಬಿಟ್ಟು, ಬಾಕಿ ಉಳಿದಿದ್ದ ಆ ಗೇಣು ಜಾಗವನ್ನು ಒಂದೇ ಎಳೆಯಲ್ಲಿ ಕೂಡಿಸಿದಳು. ಯಾಕೆ ಹೀಗೆ ಎಂದು ಕೇಳಿದರೆ ನನ್ನನ್ನೇ ಸೋಜಿಗದಿಂದ ನೋಡಿದಳು.

“ನೀವು ಬಂದ್ರಲ್ರಿ, ಅದಕ್ಕ. ನಮ್ಮವ್ವ ಹೇಳಿಕೊಟ್ಟದ್ದು. ಬರೋರು ಇದ್ರ ಎಳಿ ಮುಚ್ಚಬಾರದು, ಬಂದ ಮ್ಯಾಲ ಕೂಡಸಬೇಕು. ಅಕ್ಕ ಹಾಕತಿರಲಿಲ್ಲೇನ್ರಿ?”

ಹಾಕುತ್ತಿದ್ದಳು. ಧಾರವಾಡದಿಂದ ಬಂದ ದಿನಗಳಲ್ಲಿ ನೀರಿಗಿಂತ ಮೊದಲು ಅಂಗಳಕ್ಕೆ ಹೋಗಿ ಅವಳು ತಿದ್ದುತ್ತಿದ್ದುದು ಇದನ್ನೇ. ನಾನು ಮನೆಯಲ್ಲಿ ಇಲ್ಲದ ದಿನವೆಲ್ಲ ನಮ್ಮ ಬಾಗಿಲಿನ ಮುಂದೆ ಒಂದು ಎಳೆ ನನಗಾಗಿ ತೆರೆದುಕೊಂಡು ಕಾಯುತ್ತಿತ್ತು. ನಾನು ಬಾಗಿಲು ಹೊಕ್ಕ ಕೂಡಲೇ ಅದು ಮುಚ್ಚಿಹೋಗುತ್ತಿದ್ದುದರಿಂದ, ಕಾಯುವ ಆ ಆಕೃತಿಯನ್ನು ನಿಂತು ನೋಡುವ ಭಾಗ್ಯ ನನ್ನ ಪಾಲಿಗೆ ಇರಲಿಲ್ಲ. ಅಂಗಡಿಯಲ್ಲಿ ಅವಳು ತನ್ನಷ್ಟಕ್ಕೆ ನಕ್ಕದ್ದು ನೆನಪಾಯಿತು. ಎಳೆ ಮುಚ್ಚಗೊಡದ ಬೀಗ. ಬರುವವರು ಇದ್ದಾರೆಂಬ ಸುದ್ದಿ ಅದೇ ವಾರ. ಹಂಗಾರ ಛಲೋನ ಆತು ಬಿಡ್ರಿ.

ಜಗಲಿಯ ಪಕ್ಕದಿಂದ ಫೋನನ್ನು ಎತ್ತಿಕೊಂಡೆ. ಅವಸರಕ್ಕೆ ಮೊದಲನೆಯ ಸಲ ಗೆರೆ ಓರೆಯಾಯಿತು. ಎರಡನೆಯ ಸಲ ನಡುವಿನ ಚುಕ್ಕಿಯಿಂದ ನಿಧಾನವಾಗಿ ಹೊರಟೆ. ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ, ಮತ್ತೆ ಮೇಲೆ. ಮೂಲೆಗೆ ಬಂದು ಬೆರಳೆತ್ತಿದೆ. ಬೀಗ ತೆರೆಯಿತು. ಪರದೆಯ ಮೇಲೆ ಹಸಿರು ಸೀರೆಯ ರೂಪಾ ಇದ್ದಳು. ನಾನು ಅಲ್ಲಿಯೇ ನೆಲದ ಮೇಲೆ ಕುಳಿತು, ಗಿರಿಜೆ ಹೋದ ದಿನವೂ ಅಳದಷ್ಟು ಅತ್ತೆ. ಕಸ್ತೂರಿ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಜೋಗುಳ ಸಿಕ್ಕಿತು. ಆದರೆ ರೂಪಾ ಅದನ್ನು ಹಾಕಗೊಡಲಿಲ್ಲ. ಕೋಣೆಯ ಮಬ್ಬು ಬೆಳಕಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತವಳು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ನನಗೇ ಮರಳಿ ಕೊಟ್ಟಳು. “ಅವ್ವ ಅವತ್ತ ಕೇಳಬೇಕು ಅಂದಿದ್ಲಲ್ಲಪ್ಪಾ. ಅವತ್ತ ಕೇಳೂಣು” ಎಂದಳು. ಅಷ್ಟು ದಿನ ಅದನ್ನು ಕೇಳದೆ ಇಟ್ಟುಕೊಂಡಿದ್ದು ಹೇಗೋ ನಾನರಿಯೆ. ಬೆರಳು ಹಲವು ಸಲ ಅಲ್ಲಿಯವರೆಗೆ ಹೋಗಿ ಬಂತು.

ತೊಟ್ಟಿಲ ಕಾರ್ಯದ ದಿನ ಮನೆ ತುಂಬಿತು. ಬೀಗರು ಮುಂಡರಗಿಯಿಂದ ಒಂದು ಗಾಡಿ ಮಾಡಿಕೊಂಡು ಬಂದಿದ್ದರು. ಹೂವು ಕಟ್ಟಿದ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿ, ಹೆಂಗಸರು ಸುತ್ತಲೂ ನಿಂತು ಹಗ್ಗ ಹಿಡಿದಾಗ, ನಾನು ಫೋನಿನ ಗೆರೆ ಎಳೆದು ರೂಪಾಳ ಕೈಗೆ ಕೊಟ್ಟೆ. ಗಿರಿಜೆಯ ದನಿ ಬಂತು. ನೆಗಡಿ ಇರಲಿಲ್ಲ. ಎರಡು ನುಡಿ ತುಂಬಾ ಚೆನ್ನಾಗಿ ಹಾಡಿದ್ದಳು. ಮೂರನೆಯ ನುಡಿಯ ನಡುವೆ ತಟ್ಟನೆ ನಿಂತು, “ತಡೀರಿ, ಹಾಲು ಉಕ್ಕಾಕ ಹತ್ಯಾವು” ಎಂದು ಎದ್ದು ಹೋದದ್ದು ಕೇಳಿಸಿತು. ಆಮೇಲೆ ಪಾತ್ರೆಯ ಸದ್ದು. ದೂರದಲ್ಲಿ ಓಣಿಯ ಮಗ್ಗ. ಅದರ ನಡುವೆ ಒಬ್ಬ ಗಂಡಸು, ಲೋಕವೇ ಮುಳುಗಿದವನ ದನಿಯಲ್ಲಿ, ತನ್ನ ಓದುವ ಚಾಳೀಸು ಎಲ್ಲಿದೆ ಎಂದು ಕೂಗುತ್ತಿದ್ದ; ಅದು ನಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. “ಹಣಿ ಮ್ಯಾಲ ನೋಡ್ಕೋರಿ” ಎಂದು ಒಳಗಿನಿಂದ ಉತ್ತರ ಬಂತು. ತೊಟ್ಟಿಲ ಸುತ್ತ ನಿಂತವರೆಲ್ಲ ನಕ್ಕರು. ನಾನು ಅಭ್ಯಾಸಬಲದಿಂದ ಹಣೆ ಮುಟ್ಟಿಕೊಂಡೆ. ಚಾಳೀಸು ಅಲ್ಲಿಯೇ ಇತ್ತು. ಅವರು ಇನ್ನೂ ನಕ್ಕರು, ರೂಪಾ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆಯ ಸದ್ದು ಹತ್ತಿರ ಬಂತು. “ಅಯ್ಯ, ಇದು ಇನ್ನೂ ಚಾಲೂನ ಐತಿ” ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡದ್ದು ಬಹಳ ಸಮೀಪದಿಂದ ಕೇಳಿಸಿತು. “ಇರ್ಲಿ. ಉಳದದ್ದು ಆಮ್ಯಾಲ ಹಾಡ್ತೀನಿ.”

ಅಷ್ಟೇ. ಅದರ ಮುಂದೆ ಏನೂ ಇರಲಿಲ್ಲ. ಫೋನಿನಲ್ಲಿ ಹುಡುಕಿದೆವು, ಉಳಿದದ್ದು ಎಲ್ಲಿಯೂ ಸಿಗಲಿಲ್ಲ. ತೊಟ್ಟಿಲ ಹಗ್ಗ ಹಿಡಿದವರ ಕೈ ನಿಂತುಹೋಗಿತ್ತು. ಆಗ ಕಸ್ತೂರಿ ಗಂಟಲು ಸರಿಮಾಡಿಕೊಂಡು, ಅಕ್ಕ ನಿಲ್ಲಿಸಿದ ಶಬ್ದದಿಂದಲೇ ಮುಂದಕ್ಕೆ ಹಾಡತೊಡಗಿದಳು. ಒಂದೇ ತಾಯಿಯಿಂದ ಕಲಿತ ಹಾಡು, ದನಿಯೂ ಹೆಚ್ಚು ಕಡಿಮೆ ಒಂದೇ. ಕಣ್ಣು ಮುಚ್ಚಿಕೊಂಡವರಿಗೆ ಹಾಡು ನಿಂತದ್ದೇ ತಿಳಿಯುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಕೂಸಿಗೆ ಗಿರಿಜೆಯ ಹೆಸರನ್ನೇ ಇಟ್ಟರು.

ಮಳೆಗಾಲದ ಮೊದಲಿಗೆ ರೂಪಾ ಕೂಸನ್ನು ಎತ್ತಿಕೊಂಡು ಮುಂಡರಗಿಗೆ ಹೋದಳು, ಕಸ್ತೂರಿ ತನ್ನ ಮನೆಗೆ. ಈಗ ಆ ಫೋನು ನನ್ನದಾಗಿದೆ. ಅದು ಕೇಳಿದ್ದಕ್ಕೆಲ್ಲ ನಾನೂ ‘ಆಗಲಿ’ ಎನ್ನಲು ಕಲಿತಿದ್ದೇನೆ. ಬೆರಳೊತ್ತಿದರೆ, ಮುಖ ತೋರಿಸಿದರೆ ಸಾಕು, ಬೀಗ ತೆರೆಯುವಂತೆ ಮಾಡಿಕೊಡುತ್ತೇನೆ, ಗೆರೆ ಎಳೆಯುವ ತಾಪತ್ರಯ ಯಾಕೆ ಎಂದು ಅಳಿಯ ಕೇಳಿದ. ನಾನು ಬೇಡವೆಂದೆ. ಅದೊಂದಕ್ಕೆ ಮಾತ್ರ ನನ್ನ ಹಳೆಯ ಮಾಸ್ತರಿಕೆಯ ‘ಬೇಡ’ವನ್ನು ಉಳಿಸಿಕೊಂಡಿದ್ದೇನೆ.

ಮಗಳು ಹೋದ ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿಯ ಬಟ್ಟಲು ಹಿಡಿದು ಕುಳಿತಾಗ ಓಣಿಯಲ್ಲಿ ಓಡಾಟ ಒಂದು ಕ್ಷಣ ನಿಂತಿತು. ಕರಿಹಲಗೆಯ ಮೇಲೆ ಒಂದೇ ಬೀಸಿಗೆ ಸರಳರೇಖೆ ಎಳೆಯುತ್ತಿದ್ದವನ ಕೈಯಿಂದ ಪುಡಿ ಹಿಡಿತಕ್ಕೆ ಸಿಗದೆ ಉದುರಿ, ಚುಕ್ಕಿಗಳು ರೊಟ್ಟಿಯಷ್ಟು ಅಗಲವಾದವು. ಎದುರು ಮನೆಯಾಕೆ ನಗಲೂ ಆರದೆ ಒಳಗೆ ಹೋದಳು. ನಡುವಿನಿಂದ ಹೊರಟು ಮೂಲೆಗೆ ಬಂದು ನಿಲ್ಲಿಸಿದೆ. ದಿನಾ ಹಾಕಿದೆ, ದಿನಾ ಅಲ್ಲಿಗೇ ನಿಲ್ಲಿಸಿದೆ.

ಪಂಚಮಿಗೆ ಮಗಳು ಬಂದಳು. ಕೂಸು ಕೈಯಲ್ಲಿ, ಚೀಲ ಹೆಗಲಲ್ಲಿ, ಅಂಗಳದಲ್ಲಿಯೇ ನಿಂತು ನನ್ನ ಸೊಟ್ಟ ರಂಗೋಲಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ಅಪ್ಪಾ, ನಾವು ಬಂದ್ವಿ. ಈಗ ಕೂಡಸು” ಎಂದಳು.

ನೀರು ಕೊಡುವ ಮೊದಲು ಬಟ್ಟಲು ತಂದು, ಬಗ್ಗಿ, ಅಂಗಳದ ಎಳೆಯನ್ನು ಕೂಡಿಸಿದೆ. ಫೋನಿನದು ಹಾಗೆಯೇ ಇದೆ. ಒಂಬತ್ತು ಚುಕ್ಕಿ, ನಡುವಿನಿಂದ ಹೊರಟ ಎಳೆ, ಮೂಲೆಯಲ್ಲಿ ಒಂದು ಸಣ್ಣ ತೆರಪು. ಹೊರಟಲ್ಲಿಗೆ ಮರಳುವುದು ಅಲ್ಲಿ ಸಾಧ್ಯವಿಲ್ಲವೆಂದು ಮೊದಲೇ ಹೇಳಿದೆನಲ್ಲ; ಮುಚ್ಚಲು ಅದಕ್ಕೆ ಬರುವುದಿಲ್ಲ, ನನಗೂ ಮನಸ್ಸಿಲ್ಲ.